ಏಳು ತಿಂಗಳ ಬಸುರಿ, ಗೂಢಚಾರನ ಕೊನೆಯ ಕಂತು

ಆ ಶುಕ್ರವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ ಮಡಿಯುಟ್ಟಾಗಿತ್ತು. ಹಿತ್ತಲಿನ ಹಂಡೆಯ ಕೆಳಗೆ ತೆಂಗಿನ ಗರಿ ಚಟಪಟ ಉರಿಯುತ್ತಿತ್ತು. ನಾನು ಬಾಗಿಲಿಗೆ ನೀರು ಹಾಕಿದೆ. ಬಗ್ಗುವುದಕ್ಕೆ ಹೊಟ್ಟೆ ಬಿಡುತ್ತಿರಲಿಲ್ಲವಾದ್ದರಿಂದ ಅಂಗೈಯಗಲದ ರಂಗೋಲಿ ಎಳೆದು, ಶುಕ್ರವಾರವೆಂದು ಅದಕ್ಕೆ ಎರಡು ಎಳೆ ಹೆಚ್ಚಿಗೆ ಸೇರಿಸಿ ಒಳಗೆ ಬಂದೆ. ಫಿಲ್ಟರಿಗೆ ಕಾಫಿಪುಡಿ ಒತ್ತಿದೆ. ಹಾಲಿನವಳು ಬಂದು, ದಿನದ ಹಾಗೆ ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, ಹಾಲು ಅಳೆದು ಹೋದಳು. ಯಜಮಾನರು ರಸ್ತೆ ಕೆಲಸದ ಮೇಲ್ವಿಚಾರಣೆಗೆಂದು ಕುಂಸಿಯ ಕಡೆ ಕ್ಯಾಂಪು ಹೋಗಿದ್ದರಿಂದ ಶಿವಮೊಗ್ಗದ ಹೊಸಮನೆ ಬಡಾವಣೆಯ ಆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ.

ಕಾಫಿ ಇಳಿಯುವ ಹೊತ್ತಿಗೆ ಸರಿಯಾಗಿ ರೇಡಿಯೋ ಹಾಕುವುದು ಅತ್ತೆಯ ಕ್ರಮ. ಅದು ನಡುಮನೆಯ ಗೂಡಿನಲ್ಲಿ, ನಾನು ಕಾನ್ವೆಂಟಿನಲ್ಲಿ ಕಲಿತ ಅಡ್ಡಹೊಲಿಗೆಯ ಗುಲಾಬಿ ಹೂಗಳ ಬಟ್ಟೆ ಹೊದ್ದು ಕೂತಿರುತ್ತಿತ್ತು. ಮಡಿಯಲ್ಲಿದ್ದವರು ರೇಡಿಯೋ ಮುಟ್ಟುವ ಹಾಗಿಲ್ಲ. ಆದರೆ ಬೆಳಗಿನ ದೇವರ ಹಾಡು ಕೇಳದೆ ಇರುವ ಹಾಗೂ ಇಲ್ಲ. ಅದಕ್ಕೆ ಅತ್ತೆ ಒಲೆಯ ಊದುಗೊಳವೆಯ ತುದಿಗೆ ಒದ್ದೆ ಬಟ್ಟೆ ಸುತ್ತಿ, ಒಂದು ಮಾರು ದೂರ ನಿಂತು, ಅದರಿಂದ ಗುಂಡಿ ತಿರುಗಿಸುತ್ತಿದ್ದರು. ದನಿಗೆ ಮೈಲಿಗೆಯಿಲ್ಲ ಎಂಬುದು ಅವರ ತೀರ್ಮಾನ. ಒಮ್ಮೆಯೂ ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ.

ಆ ದಿನವೂ ಗುರಿ ತಪ್ಪಲಿಲ್ಲ. ಆದರೆ ರೇಡಿಯೋದ ಹಸಿರು ದೀಪದ ಕಣ್ಣು ತೆರೆಯಲಿಲ್ಲ. ಅತ್ತೆ ಇನ್ನೊಮ್ಮೆ ತಿರುಗಿಸಿದರು. ಕಣ್ಣು ಮುಚ್ಚಿಯೇ ಇತ್ತು. ಅವರು ಊದುಗೊಳವೆಯನ್ನು ಗೋಡೆಗೆ ಒರಗಿಸಿ, ಮಡಿಯ ಸೀರೆಯಲ್ಲೇ ಬರಿ ನೆಲದ ಮೇಲೆ ಕೂತುಬಿಟ್ಟರು. "ಇವತ್ತೇ ಆಗ್ಬೇಕಿತ್ತಾ ಇದಕ್ಕೆ?" ಎಂದರು.

ಅವರು ಅಷ್ಟು ಕುಸಿದದ್ದೇಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭದ್ರಾವತಿಯಲ್ಲಿ ರೇಡಿಯೋ ಕೇಂದ್ರ ಶುರುವಾದ ಹೊಸದು. ಪ್ರತಿ ಶುಕ್ರವಾರ ದೀಪ ಹಚ್ಚಿದ ಮೇಲೆ ಒಂದು ಗೂಢಚಾರ ನಾಟಕ ಕಂತುಕಂತಾಗಿ ಬರುತ್ತಿತ್ತು. ನಮ್ಮ ದೇಶದ ಗೂಢಚಾರನೊಬ್ಬ, ಶತ್ರುಗಳಿಗೆ ಗುಟ್ಟು ಮಾರುವ ಒಬ್ಬ ಸಾಹುಕಾರನ ಬಂಗಲೆಗೆ ಅಡಿಗೆಯವನ ವೇಷದಲ್ಲಿ ಸೇರಿಕೊಂಡಿದ್ದ. ಅಲ್ಲಿಂದ ಒಂದು ನಕ್ಷೆ ಎತ್ತಿಕೊಂಡು ಹೊರಗೆ ಬರಬೇಕು. ನನಗೆ ಅದರಲ್ಲಿ ಹಿಡಿಸುತ್ತಿದ್ದದ್ದು ಸಣ್ಣಪುಟ್ಟ ಸದ್ದುಗಳು. ಸಾಹುಕಾರ, ಪೊಲೀಸಿನವನು, ಸಾಹುಕಾರನ ಹೆಂಡತಿ, ಎಲ್ಲರೂ ಒಂದೇ ಜೊತೆ ಬೂಟು ಹಾಕಿಕೊಂಡು ನಡೆಯುತ್ತಿದ್ದರು. ಒಂದು ವಾರ ಬಿದ್ದ ಮಳೆಯೇ ಮುಂದಿನ ವಾರ ಒಗ್ಗರಣೆಯಾಗುತ್ತಿತ್ತು. ಅತ್ತೆಗೆ ಆಸಕ್ತಿ ಇದ್ದದ್ದು ಅಡಿಗೆಯಲ್ಲಿ. ಗೂಢಚಾರ ಕಪಾಟಿನ ಬೀಗ ಮುರಿಯುತ್ತಿರುವಾಗ, ಒಲೆಯ ಮೇಲಿಟ್ಟು ಬಂದ ಸಾಸಿವೆ ಸೀದುಹೋಯಿತಲ್ಲ ಎಂದು ಅವರಿಗೆ ಚಿಂತೆ.

ಪಕ್ಕದ ಮನೆಯಾಕೆಯೂ ಹೂಬತ್ತಿಯ ಹತ್ತಿ ತಂದುಕೊಂಡು ನಮ್ಮಲ್ಲೇ ಕೂತು ಕೇಳುತ್ತಿದ್ದರು. ಅವರ ಯಜಮಾನರು ಹೈಸ್ಕೂಲಿನ ಸಂಸ್ಕೃತ ಪಂಡಿತರು. ರೇಡಿಯೋ ಮನೆಗೆ ಬಂದರೆ ವ್ಯಾಕರಣ ಮನೆ ಬಿಡುತ್ತದೆ ಎಂದು ಅವರು ಕೊಂಡಿರಲಿಲ್ಲ. ಒಂದು ಶುಕ್ರವಾರ ಈಕೆ ಬತ್ತಿ ಹೊಸೆಯುತ್ತ, "ಅಲ್ಲ, ಬಸುರಿ ಇದನ್ನೆಲ್ಲ ಕೇಳ್ಬಹುದಾ?" ಎಂದುಬಿಟ್ಟರು. ಗರ್ಭದಲ್ಲೇ ಯುದ್ಧದ ಪಾಠ ಕೇಳಿಸಿಕೊಂಡ ಆ ಪುರಾಣದ ಹುಡುಗನ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅತ್ತೆ ನನ್ನ ಹೊಟ್ಟೆಯನ್ನೂ ರೇಡಿಯೋವನ್ನೂ ಒಂದರ ಮೇಲೊಂದರಂತೆ ನೋಡಿದರು. ಮೊಮ್ಮಗು ಬೀಗ ಮುರಿಯುತ್ತ ಹುಟ್ಟುವುದು ಅವರ ಕಣ್ಣಿಗೆ ಕಟ್ಟಿತೆಂದು ಕಾಣುತ್ತದೆ. ಮುಂದಿನ ಶುಕ್ರವಾರ ನಾಟಕದ ಹೊತ್ತಿಗೆ ನನ್ನನ್ನು ಅಡಿಗೆಮನೆಯ ಮೂಲೆಗೆ ಕಳಿಸಿದರು. ಹೂಬತ್ತಿಯ ಹತ್ತಿಯನ್ನೇ ಎರಡು ಕಿವಿಗೂ ತುರುಕಿದ್ದಾಯಿತು.

ಆದರೆ ಅತ್ತೆಗೆ ಸಮಾಧಾನವಾಗಲಿಲ್ಲ. ಮರುದಿನ ಪಂಡಿತರನ್ನೇ ಕೇಳಿದರು. ಪಂಡಿತರು ಜಗಲಿಯ ಮೇಲೆ ಪೇಪರು ಓದುತ್ತಿದ್ದವರು ಕನ್ನಡಕ ತೆಗೆದು, ಯೋಚಿಸಿ, ತೀರ್ಪು ಕೊಟ್ಟರು. ಆ ಹುಡುಗನಿಗೆ ಕೇಡಾದದ್ದು ಪಾಠ ಕೇಳಿದ್ದರಿಂದಲ್ಲ. ತಾಯಿ ನಡುವೆ ನಿದ್ದೆ ಹೋಗಿ ಪಾಠ ಅರ್ಧಕ್ಕೆ ನಿಂತದ್ದರಿಂದ. ವ್ಯೂಹದ ಒಳಗೆ ನುಗ್ಗುವುದು ಗೊತ್ತಾಯಿತು, ಹೊರಗೆ ಬರುವುದು ಗೊತ್ತಾಗಲಿಲ್ಲ.

"ನಿಮ್ಮ ಸೊಸೆ ಇಲ್ಲೀವರೆಗೆ ಕೇಳಿದ್ದಾಳಲ್ಲ, ಅವನು ಬಂಗಲೆ ಒಳಗೆ ಹೋಗಿದ್ದಾನೆ ತಾನೇ?" ಎಂದು ಕೇಳಿದರು.

"ಹೋಗಿದ್ದಾನೆ."

"ಹೊರಗೆ ಬಂದಿದ್ದಾನಾ?"

ಅತ್ತೆಯ ಮುಖ ಬಿಳಿಚಿತು. ಅಲ್ಲಿಂದ ಮನೆಯ ಕಾನೂನೇ ತಿರುಗಿಹೋಯಿತು. ಕೇಳಬಾರದು ಎಂದಿದ್ದದ್ದು ಕೇಳಲೇಬೇಕು ಎಂದಾಯಿತು. ನಾನು ತಪ್ಪಿಸಿಕೊಂಡ ಕಂತನ್ನು ಅತ್ತೆಯೇ, ಅವತ್ತು ಸಂಜೆ, ತುಳಸಿಕಟ್ಟೆಯ ಮುಂದೆ ನನ್ನನ್ನು ಕೂರಿಸಿ ಆಡಿ ತೋರಿಸಿದರು. ಸಾಹುಕಾರನೂ ಅವರೇ, ಗೂಢಚಾರನೂ ಅವರೇ. ಸಿಗರೇಟು ಸೇದುವ ಹೆಂಗಸೊಬ್ಬಳು ಆ ಕಂತಿನಲ್ಲಿ ಬಂದಿದ್ದಳಂತೆ. ಅವಳನ್ನು ಮಾತ್ರ ಅತ್ತೆ ನಶ್ಯ ಹಾಕುವ ಗಂಡಸಾಗಿ ಮಾಡಿಕೊಂಡರು. ಉಳಿದದ್ದು ಕೊನೆಯ ಕಂತು ಒಂದೇ. ಅದು ಈ ಶುಕ್ರವಾರ. ನಾನು ಅದನ್ನು ಎಚ್ಚರವಾಗಿದ್ದು ಪೂರ್ತಿ ಕೇಳಬೇಕು. ಇಲ್ಲವಾದರೆ ಮಗು ಜನ್ಮಪೂರ್ತಿ ಎಲ್ಲೆಲ್ಲಿಗೋ ನುಗ್ಗಿ ಅಲ್ಲಲ್ಲೇ ಸಿಕ್ಕಿಬೀಳುತ್ತದೆ. ನಾನಾದರೋ ಆಗ ದೀಪ ಹಚ್ಚುವ ಹೊತ್ತಿಗೆ ಕೂತಲ್ಲೇ ತೂಕಡಿಸುವವಳು.

ಅವತ್ತು ಬೆಳಿಗ್ಗೆಯೇ ಕರೆಸಿದ ರಿಪೇರಿಯವನು ಸೈಕಲ್ಲಿನ ಮೇಲೆ ಬಂದು, ರೇಡಿಯೋದ ಬೆನ್ನು ಬಿಚ್ಚಿ, ಒಳಗೆ ಊದಿ, "ವಾಲ್ವ್ ಖಲಾಸ್ ಅಮ್ಮಾ. ಬೆಂಗಳೂರಿಂದ ಬರ್ಬೇಕು" ಎಂದು ಬೆನ್ನು ಮುಚ್ಚಿ ಹೋದ. ಬೀದಿಯಲ್ಲಿ ಇನ್ನೊಂದು ರೇಡಿಯೋ ಇದ್ದದ್ದು ಕೊನೆಯ ಮನೆಯವರದು. ಅವರು ಮನೆಗೆ ಬೀಗ ಹಾಕಿ ಮದುವೆಗೆ ಹೋಗಿದ್ದರು. ಪಾರ್ಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಇಟ್ಟ, ಗಂಟಲು ಕಟ್ಟಿದ ಒಂದು ರೇಡಿಯೋ ಇತ್ತು. ಆದರೆ ಮುಸ್ಸಂಜೆಯಲ್ಲಿ, ಮರದ ಕೆಳಗೆ, ಬಸುರಿಯನ್ನು ಕೂರಿಸುವುದೇ? ಆ ಮಾತೇ ಬೇಡ.

"ಭದ್ರಾವತಿ," ಎಂದರು ಅತ್ತೆ. ನನ್ನ ತವರು ಅಲ್ಲಿಯೇ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ನಾನು ಓದಿಗೆಂದು ಶಿವಮೊಗ್ಗದ ಸೋದರಮಾವನ ಮನೆಯಲ್ಲಿದ್ದು ಕಾನ್ವೆಂಟಿಗೆ ಹೋದವಳಾದರೂ, ಅಪ್ಪ ಅಮ್ಮ ಇದ್ದದ್ದು ಅಲ್ಲಿ. ಅಪ್ಪನ ಹತ್ತಿರ ರೇಡಿಯೋ ಇತ್ತು. ಹೋಗಲು ಬಸ್ಸೂ ಇತ್ತು. ಇಲ್ಲದಿದ್ದದ್ದು ವಾರ. ಶುಕ್ರವಾರ ಮನೆಯ ಸೊಸೆ, ಅದರಲ್ಲೂ ತುಂಬಿದ ಬಸುರಿ, ಹೊಸಿಲು ದಾಟಿ ತವರಿಗೆ ಹೊರಟರೆ ಲಕ್ಷ್ಮಿಯೇ ಹೊರಟ ಹಾಗೆ.

ಅತ್ತೆ ಮತ್ತೆ ಪಕ್ಕದ ಜಗಲಿಗೆ ಹೋದರು. ಹಿಂದೆ ನಾನೂ ಹೋದೆ. ಪಂಡಿತರು ಈ ಸಲ ಕನ್ನಡಕ ತೆಗೆಯುವ ಮೊದಲೇ ಪರಿಹಾರ ಹೇಳಿದರು. ಪ್ರಸ್ಥಾನ ಇಡುವುದು ಎಂದು ಒಂದುಂಟು. ಕೆಟ್ಟ ದಿನ ಪ್ರಯಾಣ ಬಂದರೆ, ಅದಕ್ಕೆ ಮೊದಲೇ ಒಳ್ಳೆಯ ದಿನ ನೋಡಿ ಪ್ರಯಾಣಿಕರ ಒಂದು ವಸ್ತುವನ್ನು ಬೇರೆಯವರ ಮನೆಯಲ್ಲಿಟ್ಟರೆ, ಆ ಗಳಿಗೆಗೇ ಹೊರಟಂತೆ ಲೆಕ್ಕ. ಆದರೆ ಅದನ್ನು ಮೊದಲೇ ಇಡಬೇಕಿತ್ತಲ್ಲ ಎಂದು ಅತ್ತೆ ಹಣೆ ಮುಟ್ಟಿಕೊಂಡರು. ಆಗ ಪಕ್ಕದ ಮನೆಯಾಕೆ ಒಳಗಿಂದ ನನ್ನ ಕೊಡೆ ಹಿಡಿದುಕೊಂಡು ಬಂದರು. ಬುಧವಾರ ಹಪ್ಪಳದ ಹಿಟ್ಟು ಕೊಡಲು ಹೋದವಳು ಅಲ್ಲೇ ಮರೆತು ಬಂದಿದ್ದೆ.

"ಇದಾಗುತ್ತಾ ನೋಡಿ," ಎಂದರು ಆಕೆ ಗಂಡನಿಗೆ.

ಪಂಡಿತರು ಪಂಚಾಂಗ ತೆಗೆದು ಬುಧವಾರದ ನಕ್ಷತ್ರ ನೋಡಿದರು. ಚೆನ್ನಾಗಿಯೇ ಇತ್ತು. ಹಾಗಾಗಿ ನಾನು ಬುಧವಾರವೇ ಭದ್ರಾವತಿಗೆ ಹೊರಟವಳಾದೆ. ನಡುವಿನ ಗುರುವಾರ ನಾನು ಮನೆಯಲ್ಲಿ ಕೂತು ಸಾರು ಮಾಡಿದ್ದು, ಪಂಡಿತರ ಪ್ರಕಾರ, ದಾರಿಯಲ್ಲಿನ ವಿಶ್ರಾಂತಿ. ಕೊಡೆಯನ್ನು ಅವರ ಮನೆಯಿಂದ ನೇರವಾಗಿ ಬಸ್ಸಿಗೇ ಒಯ್ಯಬೇಕು, ನಮ್ಮ ಮನೆಗೆ ತರಕೂಡದು. ಅದನ್ನು ಹಿಡಿಯಲು ಒಬ್ಬರು ಬೇಕಾಯಿತಲ್ಲ ಎಂದು ಪಕ್ಕದ ಮನೆಯಾಕೆಯೂ ಹೊರಟೇಬಿಟ್ಟರು. ನಾನು ಹಿಡಿದರೆ ಆಗದೇ ಎಂದು ಯಾರೂ ಕೇಳಲಿಲ್ಲ. ಆಕೆಗೂ ನಕ್ಷೆ ಏನಾಯಿತೆಂದು ತಿಳಿಯಬೇಕಿತ್ತು.

ಮಧ್ಯಾಹ್ನದ ಬಸ್ಸಿನಲ್ಲಿ ನನ್ನನ್ನು ಇಬ್ಬರ ನಡುವೆ ಕೂರಿಸಿದರು. ಸಂಜೆ ಎಚ್ಚರವಿರಬೇಕಾದರೆ ಈಗ ನಿದ್ದೆ ಮಾಡಬೇಕು ಎಂದು ಅತ್ತೆಯ ಅಪ್ಪಣೆ. ನಿದ್ದೆ ಮಾಡು ಎಂದ ಕೂಡಲೇ ನನ್ನ ನಿದ್ದೆ ಹಾರಿತು. ಪ್ರತಿ ಗುಂಡಿಗೂ ಬಸ್ಸು ಎತ್ತಿ ಹಾಕುವಾಗ ಅತ್ತೆ ಕಂಡಕ್ಟರನಿಗೆ, ಒಳಗೆ ಮಗು ಇದೆ ಮಾರಾಯ, ಮೆಲ್ಲಗೆ ಹೇಳು ಎನ್ನುತ್ತಿದ್ದರು. ಅವನು ಡ್ರೈವರನಿಗೆ ಹೇಳುತ್ತಿದ್ದ. ಡ್ರೈವರ್ ಗುಂಡಿಗೆ ಹೇಳಿದನೋ ಇಲ್ಲವೋ ಗೊತ್ತಿಲ್ಲ.

ಮುನ್ಸೂಚನೆಯಿಲ್ಲದೆ, ಶುಕ್ರವಾರ, ಇಬ್ಬರು ಹಿರಿಯ ಹೆಂಗಸರ ಕಾವಲಿನಲ್ಲಿ ಮಗಳು ಬಾಗಿಲಿಗೆ ಬಂದು ನಿಂತರೆ ಯಾವ ತಾಯಿ ಏನೆಂದುಕೊಂಡಾಳು? ಅಮ್ಮ ಕೈಯ ತಟ್ಟೆಯನ್ನು ಹೊಸಿಲ ಮೇಲೇ ಇಟ್ಟುಬಿಟ್ಟಳು. ಬೀಗಿತ್ತಿಗೂ ಜೊತೆಗೆ ಬಂದವರಿಗೂ ಕಾಲಿಗೆ ನೀರು ಕೊಟ್ಟು, ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು, "ಏನು ಮಾಡ್ದೆ?" ಎಂದಳು. ಏನೂ ಇಲ್ಲ, ರೇಡಿಯೋ ಕೇಳಲು ಬಂದೆವು ಎಂದೆ. ಕಾನ್ವೆಂಟಿನಲ್ಲಿ ಓದಿದವಳು ಇಷ್ಟು ಕಚ್ಚಾ ಸುಳ್ಳು ಹೇಳುವೆಯಾ ಎಂದು ಅವಳು ಕಣ್ಣೊರೆಸಿಕೊಂಡಳು. ಕೊನೆಗೆ ಅತ್ತೆಯೇ ಬಂದು ವ್ಯೂಹ, ಗೂಢಚಾರ, ವಾಲ್ವ್, ಕೊಡೆ ಎಲ್ಲವನ್ನೂ ಹೇಳಿದ ಮೇಲೆ ಅಮ್ಮ ನಂಬಿದಳು. ನಂಬಿದ ಮೇಲೆ ಮೊದಲಿಗಿಂತ ಹೆಚ್ಚು ಗಾಬರಿಯಾದಳು. ಏಕೆಂದರೆ ರೇಡಿಯೋಗೆ ಬೀಗ ಹಾಕಿತ್ತು.

ಅಪ್ಪನದು ಹಾಗೆ. ಎದುರುಮನೆಯ ಮಕ್ಕಳು ಗುಂಡಿ ತಿರುವುತ್ತವೆಂದು ರೇಡಿಯೋಗೆ ಒಂದು ಮರದ ಗೂಡು ಮಾಡಿಸಿ, ಅದಕ್ಕೆ ಬಾಗಿಲು ಇಡಿಸಿ, ಬೀಗ ಜಡಿದಿದ್ದರು. ಬೀಗದ ಕೈ ಅವರ ಜನಿವಾರದಲ್ಲಿ. ಅಪ್ಪನಿಗೆ ಆ ವಾರ ಎರಡನೆಯ ಪಾಳಿ. ಅವರು ಮನೆಗೆ ಬರುವ ಹೊತ್ತಿಗೆ ಗೂಢಚಾರನ ಕಥೆ ಮುಗಿದು, ರೇಡಿಯೋ ಕೇಂದ್ರದವರೂ ಮನೆ ಸೇರಿರುತ್ತಾರೆ.

ಅಮ್ಮ ಮತ್ತು ಅತ್ತೆ ಸೆರಗು ಸಿಕ್ಕಿಸಿಕೊಂಡು ಕಾರ್ಖಾನೆಯ ಗೇಟಿಗೆ ಹೊರಟರು. ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ಅತ್ತೆ ಆಮೇಲೆ ಎಷ್ಟೋ ಸಲ ಹೇಳಿದ್ದು. ಅದು ಯುದ್ಧ ಮುಗಿದ ಹೊಸದಾದ್ದರಿಂದ ಗೇಟಿನ ಕಾವಲು ಬಿಗಿಯಾಗಿತ್ತು. ಕಾವಲಿನವನು ತಮಿಳು ಕಲಸಿದ ಕನ್ನಡದಲ್ಲಿ, ಯಾರು, ಯಾಕೆ ಎಂದು ವಿಚಾರಿಸಿದ. ಒಳಗಿರುವವರ ಹತ್ತಿರ ಒಂದು ಬೀಗದ ಕೈ ಇದೆ, ಅದು ಬೇಕು ಎಂದರು ಅತ್ತೆ. ಯಾವುದರ ಬೀಗದ ಕೈ ಎಂದ. ಅತ್ತೆ ಸತ್ಯವಂತರು. ಗೂಢಚಾರನ ವಿಷಯ, ನಕ್ಷೆ ಹೇಗೆ ಹೊರಗೆ ಹೋಗುತ್ತದೆ ಅಂತ ಇವತ್ತೇ ತಿಳಿಯಬೇಕು ಎಂದರು. ಕಾವಲಿನವನು ಅವರಿಬ್ಬರನ್ನೂ ಒಂದು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ತಾನು ನಿಂತುಕೊಂಡ. ಅಮ್ಮ ಅಳಲು ಶುರು ಮಾಡಿದಳು. ಮಗಳು, ಏಳು ತಿಂಗಳು, ಮನೆ ಎಂಬಿಷ್ಟೇ ಅವಳ ಬಾಯಿಂದ ಹೊರಟದ್ದು.

ಅಷ್ಟು ಸಾಕಾಯಿತು. ಒಳಗೆ ಸುದ್ದಿ ಹೋಗಿ, ಅಪ್ಪ ಮಸಿ ಮೆತ್ತಿದ ಕೈಯಲ್ಲಿ ಓಡಿ ಬಂದರು. ಅತ್ತೆ ಅವರಿಗೆ ಮೆಲ್ಲಗೆ ನಿಜ ಹೇಳಿ ಬೀಗದ ಕೈ ಕೇಳಿದರು. ಅಪ್ಪ ಅಲ್ಲೇ ಗಂಟು ಬಿಚ್ಚಲು ನೋಡಿದರು. ಬೆವರಿಗೆ ಬಿಗಿದು ಹೋದ ಗಂಟು ಬಿಚ್ಚಲಿಲ್ಲ. ಕಾವಲಿನವನು ಪಾಪ, ಕತ್ತರಿ ತಂದ. ಜನಿವಾರಕ್ಕೆ ಕತ್ತರಿ ಎಂದ ಕೂಡಲೇ ಮೂವರೂ ಒಟ್ಟಿಗೆ ಹಿಂದಕ್ಕೆ ಸರಿದರಂತೆ. ಬೀಗದ ಕೈ ಬರಬೇಕಾದರೆ ಅಪ್ಪನೇ ಬರಬೇಕು. ಅಷ್ಟರಲ್ಲಿ ಮೇಲಿನವರೊಬ್ಬರು ಅಮ್ಮನ ಅಳು ಕಂಡು, ಇನ್ನೇನೂ ಕೇಳದೆ, ಕಾರ್ಖಾನೆಯ ಆಂಬುಲೆನ್ಸ್ ವ್ಯಾನು ಕೊಟ್ಟರು. ವಿವರಿಸಲು ಅಪ್ಪ ಬಾಯಿ ತೆರೆದರಂತೆ. ಅತ್ತೆ, ಹತ್ತಿ ಹತ್ತಿ, ಹೊತ್ತಾಯಿತು ಎಂದರಂತೆ.

ಇತ್ತ ನನ್ನನ್ನು ಎಚ್ಚರವಾಗಿಡುವ ಹೊಣೆ ಪಕ್ಕದ ಮನೆಯಾಕೆಯದು. ಆಕೆ ನನ್ನ ಜಡೆಯ ತುದಿ ಕೈಯಲ್ಲಿ ಹಿಡಿದು ಕೂತಿದ್ದರು. ತಲೆ ವಾಲಿದರೆ ಎಳೆಯುವುದು. ಕಾನ್ವೆಂಟಿನ ಪದ್ಯ ಹೇಳು ಎಂದರು. ಹೇಳಿದೆ. ಒಂದು ಪದವೂ ತಿಳಿಯದೆ ಆಕೆಯೇ ಆಕಳಿಸಿದರು. ದೀಪ ಹಚ್ಚಿದೆವು. ಕಣ್ಣು ತಾನಾಗಿ ಮುಚ್ಚುವ ಆ ಹೊತ್ತು ಬಂದೇಬಿಟ್ಟಿತು. ಜಡೆ ಎರಡು ಸಲ ಎಳೆಸಿಕೊಂಡೆ. ಮೂರನೆಯ ಸಲ ಎಳೆಯುವ ಮೊದಲೇ ಬೀದಿಯ ತುದಿಯಲ್ಲಿ ಗಂಟೆ ಬಾರಿಸುತ್ತ ವ್ಯಾನು ಬಂತು. ಹಿಂದಿನ ಬಾಗಿಲು ತೆರೆದು ಮೊದಲು ಅತ್ತೆ, ಆಮೇಲೆ ಅಮ್ಮ, ಕೊನೆಗೆ ಜನಿವಾರವನ್ನು ಎರಡು ಕೈಯಲ್ಲಿ ಮುಂದಕ್ಕೆ ಹಿಡಿದುಕೊಂಡು ಅಪ್ಪ ಇಳಿದರು. ಅವರ ಹಿಂದೆ ಬಿಳಿ ಉಡುಪಿನ ಇಬ್ಬರು ಸ್ಟ್ರೆಚರ್ ಇಳಿಸಿದರು. ನನ್ನ ನಿದ್ದೆ ಆ ಕ್ಷಣ ಹೋದದ್ದು, ರಾತ್ರಿಯಿಡೀ ಹತ್ತಿರ ಸುಳಿಯಲಿಲ್ಲ.

ಕ್ವಾರ್ಟರ್ಸಿನ ಸಾಲೆಲ್ಲ ನಮ್ಮ ಬಾಗಿಲಿಗೆ ಬಂತು. ಹೊಳೆಹೊನ್ನೂರಿಗೆ ಹೊರಟಿದ್ದ ಎದುರುಮನೆಯವರು ಬಸ್ಸು ಬಿಟ್ಟು ನಿಂತರು. ಯಾರೋ ಬಿಸಿನೀರು ತಂದರು. ಅಪ್ಪ ಯಾರ ಮುಖವನ್ನೂ ನೋಡದೆ ಗೂಡಿನ ಮುಂದೆ ಮಂಡಿಯೂರಿದರು. ಜನಿವಾರ ಗಿಡ್ಡವಾದ್ದರಿಂದ, ಎದೆಯನ್ನು ಬೀಗಕ್ಕೆ ಒತ್ತಿ, ದೇವರಿಗೆ ಅಡ್ಡಬಿದ್ದವರ ಹಾಗೆ ಬಾಗಿ ತಿರುಗಿಸಿದರು. ಹಸಿರು ಕಣ್ಣು ನಿಧಾನವಾಗಿ ತೆರೆಯಿತು. ನಾಟಕ ಆಗಲೇ ಶುರುವಾಗಿತ್ತು. ಆದರೆ ಅವನು ಇನ್ನೂ ಬಂಗಲೆಯ ಒಳಗೇ ಇದ್ದ.

"ಇದ್ದಾನೆ, ಒಳಗೇ ಇದ್ದಾನೆ," ಎಂದು ಅತ್ತೆ ಉಸಿರು ಬಿಟ್ಟರು. ಸ್ಟ್ರೆಚರಿನವರೂ ಅದನ್ನು ಗೋಡೆಗೆ ಒರಗಿಸಿ ಕೂತರು.

ನಾನು ರೇಡಿಯೋ ನೋಡುತ್ತಿದ್ದೆ. ಉಳಿದವರೆಲ್ಲ ನನ್ನ ಕಣ್ಣು ನೋಡುತ್ತಿದ್ದರು. ರೆಪ್ಪೆ ಬಡಿದರೆ ಸಾಕು, ಯಾರೋ ಒಬ್ಬರು ಹ್ಞಾ ಎನ್ನುತ್ತಿದ್ದರು. ಬಂಗಲೆಯ ಸುತ್ತ ಕಾವಲಿತ್ತು. ಹಿತ್ತಲಿನ ಗೋಡೆಯ ಮೇಲೆ ಗಾಜಿನ ಚೂರು, ನಾಯಿ ಬೇರೆ. ನಾಯಿಯ ದನಿ ಸಾಹುಕಾರನ ದನಿಯನ್ನೇ ಹೋಲುತ್ತಿತ್ತೆಂದು ನನಗೆ ಅನಿಸಿತು, ಹೇಳಲಿಲ್ಲ. ಗೂಢಚಾರನ ಹತ್ತಿರ ನಕ್ಷೆ ಇತ್ತು. ದಾರಿ ಇರಲಿಲ್ಲ. ಬೂಟಿನ ಸದ್ದು ಹತ್ತಿರ ಬಂತು. ಅತ್ತೆಯ ಕೈ ನನ್ನ ಹೊಟ್ಟೆಯ ಮೇಲಿತ್ತು. ಒಳಗಿಂದ ಒಂದು ಒದೆ ಬಿತ್ತು. ಅದು ನಮ್ಮಿಬ್ಬರಿಗೂ ತಿಳಿಯಿತು. ಅತ್ತೆ ಕೈ ತೆಗೆಯಲಿಲ್ಲ. ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ನನಗೂ ಆ ಗಳಿಗೆ, ಇವನು ಹೇಗಾದರೂ ಹೊರಗೆ ಬಂದರೆ ಸಾಕು ಎನ್ನಿಸಿಬಿಟ್ಟಿತು.

ಬಂದ. ಬಂದದ್ದು ಹೀಗೆ. ಅಡಿಗೆಮನೆಗೆ ಬಂದ ಬೂಟು ಸಾಹುಕಾರನದಲ್ಲ, ಅವನ ಹೆಂಡತಿಯದು. ಆಕೆ, ಮನೆಯಲ್ಲಿ ಕರಿಬೇವು ಮುಗಿದಿದೆ, ಊಟಕ್ಕೆ ಜನ ಬರುತ್ತಾರೆ, ಬೇಗ ತಾ ಎಂದು ಗದರಿದಳು. ಗೂಢಚಾರ ಒಂದು ಚೀಲ ತೆಗೆದುಕೊಂಡು, ಅದರ ತಳಕ್ಕೆ ನಕ್ಷೆ ಹಾಕಿ, ಮುಂಬಾಗಿಲಿನಿಂದ, ಕಾವಲಿನವನಿಗೆ ನಿಮಗೂ ಏನಾದರೂ ತರಬೇಕಾ ಎಂದು ಕೇಳಿ, ನಡೆದು ಹೋದ. ನಾಟಕ ಮುಗಿಯಿತು.

ಸ್ಟ್ರೆಚರಿನವರಲ್ಲೊಬ್ಬ, ಗುಂಡು ಹಾರಿಸಲೇ ಇಲ್ಲವಲ್ಲ ಎಂದು ಬೇಸರಪಟ್ಟ. ಅತ್ತೆಗೆ ಮಾತ್ರ ಕಣ್ಣು ತುಂಬಿತ್ತು. ನಾನು ಪೂರ್ತಿ ಕೇಳಿದೆನೇ ಎಂದು ಕೇಳಿದರು. ಕೇಳಿದೆ ಎಂದೆ. ಕರಿಬೇವು ಎಂದದ್ದೂ ಕೇಳಿತೇ ಎಂದರು. ಅದೂ ಕೇಳಿತು ಎಂದೆ. ಅಮ್ಮ ಎಲ್ಲರಿಗೂ, ವ್ಯಾನಿನ ಡ್ರೈವರನಿಗೂ ಸೇರಿಸಿ, ಉಪ್ಪಿಟ್ಟು ಮಾಡಲು ಎದ್ದಳು. ಅಪ್ಪ ಗೂಡಿಗೆ ಮತ್ತೆ ಎದೆಯೊತ್ತಿ ಬೀಗ ಹಾಕಿ, ಅದೇ ವ್ಯಾನಿನಲ್ಲಿ ಕೆಲಸಕ್ಕೆ ಹೋದರು.

ಪಕ್ಕದ ಮನೆಯಾಕೆ ಆಗ ನನ್ನ ಜಡೆ ಬಿಟ್ಟರು. ಕೈ ಜೋಮು ಹಿಡಿದಿತ್ತೆಂದು ಕಾಣುತ್ತದೆ, ಬೆರಳು ಮಡಿಸಿ ಬಿಚ್ಚಿ ಮಾಡುತ್ತ, ಉಪ್ಪಿಟ್ಟಿಗೆ ಹಸಿಮೆಣಸು ಹೆಚ್ಚಲು ಈಳಿಗೆ ಮಣೆ ಎಳೆದುಕೊಂಡು, ಅತ್ತೆಯ ಕಡೆ ತಿರುಗದೆಯೇ ಹೇಳಿದರು:

"ಚೀಲ ಹಿಡ್ಕೊಂಡು ಮುಂಬಾಗಿಲಿಂದ ಕರಿಬೇವಿಗೆ ಹೋಗೋದಕ್ಕೂ ಪಾಠ ಬೇಕು ಅಂದ್ರೆ, ಮಾರಾಯ್ತಿ, ನಿಮ್ಮ ಸೊಸೆಗೆ ಗಂಡೇ ಹುಟ್ಟೋದು ಬಿಡಿ."